ಗಾಜಿನ ತೊಟ್ಟಿ ಕೋಡಿ ಹರಿಯಿತು ಅಪ್ಪಾ

ಐಂಡ್‌ಹೋವನ್, ನೆದರ್‌ಲೆಂಡ್ಸ್
ಭಾನುವಾರ ರಾತ್ರಿ

ಅಪ್ಪನಿಗೆ, ಅಮ್ಮನಿಗೆ ನಮಸ್ಕಾರ.

ನಾವಿಲ್ಲಿ ಕ್ಷೇಮ. ಇವರಿಗೆ ಮಾತ್ರ ಸೊಂಟ ಹಿಡಿದುಕೊಂಡಿದೆ, ಯಾಕೆ ಅಂತ ಮುಂದೆ ಬರೆಯುತ್ತೇನೆ. ಹೋದ ತಿಂಗಳು ಫೋನಿನಲ್ಲಿ ನೀವು "ಇರೋ ಮೀನಿನ ತೊಟ್ಟಿ ಚೆನ್ನಾಗೇ ಇತ್ತಲ್ಲ, ಮತ್ತೆ ದೊಡ್ಡದು ಯಾಕಮ್ಮ?" ಅಂತ ಕೇಳಿದಿರಿ. ಅಷ್ಟರಲ್ಲಿ ಲೈನ್ ಕಟ್ ಆಯಿತು. ಫೋನಿನಲ್ಲಿ ಹೇಳಿ ಮುಗಿಯುವ ಮಾತೂ ಅಲ್ಲ. ಅದಕ್ಕೆ ಕೂತು ಬರೆಯುತ್ತಿದ್ದೇನೆ. ಅಣ್ಣನ ಫೋನಿಗೆ ಕಳಿಸುತ್ತೇನೆ, ಅವನು ನಿಧಾನವಾಗಿ ಓದಿ ಹೇಳಲಿ.

ದೊಡ್ಡದು ಯಾಕೆ ಅಂದರೆ, ನಮ್ಮೂರಲ್ಲಿ ಬೇಸಿಗೆ ಬಂದರೆ ಮೊದಲು ಕೆಡುವುದು ಕುಂಟೆ ನೀರು, ಕೆರೆ ನೀರಲ್ಲ. ಇದನ್ನು ನೀವೇ ಹೇಳುತ್ತಿದ್ದಿರಿ. ನನ್ನ ಹಳೆ ತೊಟ್ಟಿ ಹಿಡಿಯುತ್ತಿದ್ದದ್ದು ಬರೀ 96 ಲೀಟರ್. ಅದು ಕುಂಟೆ. ಅದರಲ್ಲಿ ಸಮುದ್ರದ ಹಾಗೆ ಉಪ್ಪು ನೀರು, ಮೀನಿನ ಜೊತೆ ಹವಳವನ್ನೂ ಸಾಕಿದ್ದೆ. ಹವಳಕ್ಕೆ ನೀರು 25, 26 ಡಿಗ್ರಿ ಇದ್ದರೆ ಸುಖ. ಈ ಸಲ ಜುಲೈನಲ್ಲಿ ಇಲ್ಲಿ ಬಿಸಿಲು ಜೋರಾದಾಗ ಸಂಜೆ ಹೊತ್ತಿಗೆ 30 ಮುಟ್ಟುತ್ತಿತ್ತು, ನಾನು ಆಫೀಸಿನಿಂದ ಓಡಿ ಬಂದು ಫ್ಯಾನ್ ಹಾಕುತ್ತಿದ್ದೆ. ಫ್ಯಾನ್ ಹಾಕಿದರೆ ನೀರು ಬೇಗ ಆರುತ್ತದೆ. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಅದಕ್ಕೆ ಕಡಿಮೆಯಾದಷ್ಟು ಸಿಹಿನೀರನ್ನೇ ಹಾಕಬೇಕು, ಉಪ್ಪು ನೀರು ಹಾಕಿದರೆ ಉಪ್ಪು ಏರುತ್ತಾ ಹೋಗುತ್ತದೆ. ಚಿಕ್ಕ ತೊಟ್ಟಿಯಲ್ಲಿ ಎರಡು ದಿನ ಮರೆತರೂ ಹವಳ ಮುದುಡಿಕೊಳ್ಳುತ್ತದೆ. ನೀರು ಜಾಸ್ತಿ ಇದ್ದರೆ ಕೆಡುವುದೂ ನಿಧಾನ, ನನಗೂ ಸರಿಮಾಡಲು ಟೈಮ್ ಸಿಗುತ್ತದೆ.

ಅಮ್ಮ, ನೀನು ಕೇಳಿದ್ದೆಯಲ್ಲ, "ಹವಳ ಅಂದ್ರೆ ನನ್ನ ತಾಳಿಗೆ ಪೋಣಿಸಿರೋದೇ?" ಅಂತ. ಅದೂ ಹವಳವೇ, ಆದರೆ ಬೇರೆ ಜಾತಿ, ಅದರ ಕೆಂಪು ಮೂಳೆಯನ್ನು ಉಜ್ಜಿ ಮಣಿ ಮಾಡುತ್ತಾರೆ. ನನ್ನ ಹತ್ತಿರ ಇರುವುದು ಜೀವ ಇರೋ ಹವಳ. ಕೆಳಗೆ ಸುಣ್ಣದ ಕಲ್ಲಿನ ಹಾಗೆ ಗಟ್ಟಿ, ಮೇಲೆ ಮೆತ್ತಗೆ ಮಾಂಸ. ಒಂದಕ್ಕೆ ಸುತ್ತಿಗೆ ಹವಳ ಅಂತ ಹೆಸರು, ಬೆರಳಿನಷ್ಟು ಉದ್ದದ ಎಳೆಗಳು, ತುದಿ ಸುತ್ತಿಗೆಯ ತಲೆ ಹಾಗೆ. ಬೆಳಿಗ್ಗೆ ಲೈಟ್ ಬಂದ ಮೇಲೆ ಒಂದೊಂದೇ ಎಳೆ ಉಬ್ಬಿಕೊಂಡು ಹೊರಗೆ ಬರುತ್ತದೆ, ನೀರಿನ ಸೆಳೆತಕ್ಕೆ ರಾಗಿ ತೆನೆ ತೂಗಿದ ಹಾಗೆ ತೂಗುತ್ತದೆ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸ ಮಾಡುತ್ತದೆ. ಅದು ಬೆಳಕಿನಲ್ಲಿ ಅನ್ನ ಮಾಡಿ ಹವಳಕ್ಕೂ ಕೊಡುತ್ತದೆ. ನೀರು ಜಾಸ್ತಿ ಬಿಸಿಯಾದರೆ ಆ ಪಾಚಿ ಹೊರಗೆ ಹೋಗಿಬಿಡುತ್ತದೆ, ಹವಳ ಬಿಳುಚಿಕೊಳ್ಳುತ್ತದೆ. 2024ರಲ್ಲಿ ನಮ್ಮ ಲಕ್ಷದ್ವೀಪದಲ್ಲೂ ಹಾಗೇ ಆಯಿತು. ಮೂರು ವರ್ಷದ ಹಿಂದೆ ತಂದಾಗ ಈ ಸುತ್ತಿಗೆಗೆ ಒಂದೇ ತಲೆ ಇತ್ತು. ಈಗ ಒಂಬತ್ತು. ರಾತ್ರಿ ಉದ್ದ ಎಳೆ ಚಾಚಿ ಪಕ್ಕದ ಹವಳವನ್ನು ಕುಟುಕುತ್ತದೆ, ಅದಕ್ಕೂ ಜಾಗ ಬೇಕಿತ್ತು.

ಹಳೆ ಮನೆ ಎರಡನೇ ಮಹಡಿ, ಮರದ ನೆಲ. ಅಲ್ಲಿ ದೊಡ್ಡದನ್ನು ಇಡುವ ಹಾಗಿರಲಿಲ್ಲ. ಈ ಮನೆ ನೆಲಮಟ್ಟದಲ್ಲಿದೆ, ಕಾಂಕ್ರೀಟ್ ನೆಲ. ಹೊಸ ತೊಟ್ಟಿ ನಾಲ್ಕಡಿ ಉದ್ದ, ಎರಡಡಿ ಅಗಲ, ಸುಮಾರು 400 ಲೀಟರ್. ಬರೀ ಗಾಜೇ 80 ಕೆಜಿ, ನೀರು, ಕಲ್ಲು, ಸ್ಟ್ಯಾಂಡ್ ಎಲ್ಲ ಸೇರಿದರೆ ಆರೂವರೆ ಕ್ವಿಂಟಲ್. ನಾಲ್ಕು ಜನ ಹಿಡಿದು ಒಳಗೆ ತಂದೆವು. ಇವರ ಸೊಂಟ ಹೋಗಿದ್ದು ಆವಾಗಲೇ. ಸೆಕೆಂಡ್ ಹ್ಯಾಂಡ್ ಸಿಕ್ಕಿತು ಅಪ್ಪಾ, ದುಡ್ಡಿನ ಚಿಂತೆ ಮಾಡಬೇಡಿ. ಸ್ಟ್ಯಾಂಡ್ ಇಟ್ಟ ಮೇಲೆ ಗಾರೆ ಮೇಸ್ತ್ರಿ ಹಾಗೆ ನಾಲ್ಕು ಕಡೆ ರಸಮಟ್ಟ ಇಟ್ಟು ನೋಡಿದೆ. ಒಂದು ಮೂಲೆ ತಗ್ಗಿದ್ದರೂ ಗಾಜಿನ ಮೇಲೆ ಭಾರ ಓರೆಯಾಗಿ ಬೀಳುತ್ತದೆ. ಆಮೇಲೆ ಸುತ್ತ ಹಳೆ ಪೇಪರ್ ಹಾಸಿ, ನಲ್ಲಿ ನೀರು ತುಂಬಿ ಎರಡು ದಿನ ಬಿಟ್ಟೆವು. ಒಂದು ಹನಿ ಸೋರಲಿಲ್ಲ.

ನೀರಿನ ವಿಷಯ ಬರೆಯುವಾಗ ಮಾತ್ರ ಕೈ ಸ್ವಲ್ಪ ತಡೆಯುತ್ತದೆ. ನಮ್ಮೂರ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬಿಸುತ್ತೀರಲ್ಲ, ಅಂಥದ್ದೇ ಆರ್‌ಒ ಫಿಲ್ಟರ್ ಚಿಕ್ಕದು ನಮ್ಮ ಮನೆಯಲ್ಲಿದೆ. ಅಲ್ಲಿ ಅದು ಬೋರ್‌ವೆಲ್ ನೀರಿನ ಫ್ಲೋರೈಡ್ ತೆಗೆಯುತ್ತದೆ, ಇಲ್ಲಿ ನೈಟ್ರೇಟು, ಫಾಸ್ಫೇಟು, ತಾಮ್ರ ಎಲ್ಲ ತೆಗೆಯುತ್ತದೆ. ತಾಮ್ರ ಸ್ವಲ್ಪ ಇದ್ದರೂ ಸಿಗಡಿ ಸಾಯುತ್ತದೆ. ಒಂದು ಕೊಡ ಒಳ್ಳೆ ನೀರಿಗೆ ಮೂರು ನಾಲ್ಕು ಕೊಡ ಹೊರಗೆ ಹೋಗುತ್ತದೆ. ಸಾವಿರ ಅಡಿ ಕೊರೆಸಿದರೂ ನೀರು ಸಿಗದೆ ನೀವು ಬೋರ್‌ವೆಲ್ ಲಾರಿ ಹತ್ತಿರ ರಾತ್ರಿಯೆಲ್ಲ ನಿಂತಿದ್ದನ್ನು ನೋಡಿದವಳು ನಾನು, ಹಾಗೇ ಮೋರಿಗೆ ಬಿಡಲು ಮನಸ್ಸು ಬರುವುದಿಲ್ಲ. 200 ಲೀಟರಿನ ಎರಡು ಡ್ರಮ್ ಇಟ್ಟಿದ್ದೇನೆ. ಆ ನೀರು ಗಿಡಕ್ಕೆ, ನೆಲ ಒರೆಸಲು, ಬಟ್ಟೆಗೆ. ಆದರೆ ಈ ಸಲ ಮೂರು ದಿನದಲ್ಲಿ 400 ಲೀಟರ್ ಮಾಡಬೇಕಿತ್ತು, ಎಲ್ಲವನ್ನೂ ಹಿಡಿಯಲು ಆಗಲಿಲ್ಲ. ನೀರು ಮೋರಿಗೆ ಹೋಗುವ ಸದ್ದು ಕೇಳಿಸಿಕೊಂಡು ಕೂತಿದ್ದೆ.

ಆ ನೀರಿಗೆ ಸುಮಾರು 15 ಕೆಜಿ ಉಪ್ಪು. ಅಡುಗೆ ಉಪ್ಪಲ್ಲ, ಸಮುದ್ರದಲ್ಲಿ ಇರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಸೇರಿಸಿದ್ದು. ಅಮ್ಮ, ಡೈರಿಯಲ್ಲಿ ಹಾಲಿಗೆ ಲ್ಯಾಕ್ಟೋಮೀಟರ್ ತೇಲಿಸುತ್ತಾರಲ್ಲ, ಇಲ್ಲೂ ಅಂಥದೇ ಗಾಜಿನ ಕಡ್ಡಿ. ನಮ್ಮ ಹಸುವಿನ ಹಾಲು 28, 30 ತೋರಿಸಿದರೆ ಒಳ್ಳೆ ಹಾಲು, ನನ್ನ ಸಮುದ್ರ 26 ತೋರಿಸಬೇಕು. ಒಂದು ದಿನ ಪೂರ್ತಿ ಪಂಪು ತಿರುಗಿಸಿ ಕರಗಿಸಿದ ಮೇಲೆ ಸರಿಯಾಗಿ 26ಕ್ಕೆ ಬಂದು ನಿಂತಿತು.

ಆಮೇಲೆ ಹಳೆ ತೊಟ್ಟಿಯ ಕಲ್ಲುಗಳು. ಇವು ಹೆಪ್ಪು ಇದ್ದ ಹಾಗೆ. ಮೀನಿನ ಹೊಲಸಿನಿಂದ ಅಮೋನಿಯಾ ಆಗುತ್ತದೆ, ಅದು ವಿಷ. ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಜಾಸ್ತಿ ಇರುವುದು ನೀರಿನಲ್ಲಲ್ಲ, ಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ. ಹೊಸ ಕಲ್ಲು ಮಾತ್ರ ಹಾಕಿದ್ದರೆ ವಾರಗಟ್ಟಲೆ ಕಾಯಬೇಕಿತ್ತು. ಹಳೆ ಕಲ್ಲು ಒಣಗದ ಹಾಗೆ ಬಕೆಟ್ಟಿನಲ್ಲಿ ಹಳೆ ನೀರಲ್ಲೇ ಇಟ್ಟು, ಒಂದೊಂದೇ ಎತ್ತಿ ಹೊಸದರಲ್ಲಿ ಜೋಡಿಸಿದೆ.

ಈಗ ನಿಮಗೆ ಇಷ್ಟವಾಗುವ ಭಾಗ ಅಪ್ಪಾ. ಈ ತೊಟ್ಟಿಗೆ ಕೋಡಿ ಇದೆ. ಹಳೆಯದಕ್ಕೆ ಇರಲಿಲ್ಲ. ಹಿಂದಿನ ಗಾಜಿನ ಮೇಲ್ಗಡೆ ಬಾಚಣಿಗೆ ಹಲ್ಲಿನ ಹಾಗೆ ಸೀಳು ಬಿಟ್ಟಿದ್ದಾರೆ. ನೀರು ಆ ಮಟ್ಟಕ್ಕೆ ಬಂದರೆ ತಾನಾಗೇ ಆಚೆ ಬಿದ್ದು, ಪೈಪಿನಲ್ಲಿ ಇಳಿದು, ಸ್ಟ್ಯಾಂಡಿನ ಒಳಗಿರುವ ಇನ್ನೊಂದು ತೊಟ್ಟಿಗೆ ಹೋಗುತ್ತದೆ. ಮೇಲಿನ ಕೆರೆ ಕೋಡಿ ಹೋದರೆ ಕೆಳಗಿನ ಕೆರೆ ತುಂಬುತ್ತದೆ ಅಂತ ತಾತ ತೋರಿಸುತ್ತಿದ್ದರಲ್ಲ, ಅದೇ. ಕೆಳಗಿನದಕ್ಕೆ ಇಲ್ಲೂ ಸಂಪ್ ಅಂತಲೇ ಹೆಸರು. ಅಲ್ಲಿಂದ ಪಂಪು ಮತ್ತೆ ಮೇಲಕ್ಕೆ ಎತ್ತುತ್ತದೆ. ಸಂಪಿನಲ್ಲಿ ಹೀಟರ್ ಇದೆ, ನೊರೆ ತೆಗೆಯುವ ಯಂತ್ರ ಇದೆ. ಬೇಳೆ ಬೇಯಿಸುವಾಗ ಮೇಲೆ ಬರುವ ನೊರೆಯನ್ನು ಅಮ್ಮ ಸೌಟಿನಲ್ಲಿ ತೆಗೆದು ಚೆಲ್ಲುತ್ತಾಳಲ್ಲ, ಅದೇ ಕೆಲಸ. ಸಣ್ಣ ಗುಳ್ಳೆಗಳಿಗೆ ಕೊಳೆ ಅಂಟಿಕೊಂಡು ಮೇಲೆ ಬಂದು ಒಂದು ಕಪ್‌ನಲ್ಲಿ ಬೀಳುತ್ತದೆ. ಕಂದು ನೀರು, ಕೆಟ್ಟ ವಾಸನೆ. ಆ ಕಪ್ ತುಂಬಿದಷ್ಟೂ ನನಗೆ ಸಮಾಧಾನ.

"ಕರೆಂಟ್ ಹೋದರೆ ಏನು ಗತಿ?" ಅಂತ ನೀವು ಕೇಳಿದಿರಿ. ಇಲ್ಲಿ ಯಾರೂ ಈ ಪ್ರಶ್ನೆಯನ್ನು ಮೊದಲು ಕೇಳಲಿಲ್ಲ, ನೀವು ಕೇಳಿದಿರಿ. ಪಂಪು ನಿಂತರೆ ಮೇಲಿನ ಸ್ವಲ್ಪ ನೀರು ಕೆಳಗೆ ಇಳಿಯುತ್ತದೆ, ವಾಪಸ್ ಬರುವ ಪೈಪಿನಲ್ಲೂ ನೀರು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಸಂಪಿನಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಹಾಲ್ ಪೂರ್ತಿ ಉಪ್ಪು ನೀರು. ಆ ಪೈಪಿಗೆ ನೀರಿನ ಮಟ್ಟದ ಸ್ವಲ್ಪ ಕೆಳಗೆ ಒಂದು ತೂತು ಕೊರೆದೆ, ಮಟ್ಟ ಅಲ್ಲಿಗೆ ಇಳಿದ ತಕ್ಷಣ ಗಾಳಿ ಸೇರಿ ಎಳೆತ ನಿಲ್ಲುತ್ತದೆ. ಶನಿವಾರ ಸಂಜೆ ಬೇಕಂತಲೇ ಸ್ವಿಚ್ ಆಫ್ ಮಾಡಿ, ಸಂಪಿನ ಪಕ್ಕ ಮಂಡಿಯೂರಿ ಕೂತೆ. ನೀರು ಏರುತ್ತಾ ಬಂತು. ಅಂಚಿಗೆ ನಾಲ್ಕು ಬೆರಳು ಇರುವಾಗ ಗೊರ್ ಅಂತ ಸದ್ದಾಗಿ ನಿಂತಿತು. ಮತ್ತೆ ಸ್ವಿಚ್ ಹಾಕಿದೆ. ಮೇಲೆ ನೀರು ತುಂಬಿ, ಸೀಳುಗಳಲ್ಲಿ ತೆಳ್ಳಗೆ ಹಾಳೆ ಹಾಗೆ ಇಳಿಯಲು ಶುರುವಾಯಿತು. ನಮ್ಮ ಕೆರೆ ಕೋಡಿ ಹೋದ ದಿನ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದಿರಿ, ಅಜ್ಜಿ ಅರಿಶಿನ ಕುಂಕುಮ ಬಿಟ್ಟಿದ್ದರು. ಆ ಸದ್ದೇ ಅಪ್ಪಾ. ನೀರುಗಂಟಿಯಾಗಿದ್ದ ತಾತ ಇದನ್ನು ನೋಡಬೇಕಿತ್ತು ಅನ್ನಿಸಿತು. ಮೊದಲು ಕೈ ಹಾಕಿ ತೂಬು ಎಲ್ಲಿ ಅಂತ ಕೇಳುತ್ತಿದ್ದರು.

ಒಂದು ತಪ್ಪು ಮಾಡಿದೆ, ಅದನ್ನೂ ಹೇಳಬೇಕು. ಹಳೆ ಮರಳನ್ನೂ ಹಾಕಿ, ಬೇಗ ಹದಕ್ಕೆ ಬರುತ್ತದೆ ಅಂತ ಇಲ್ಲಿನ ಅಂಗಡಿಯವರೊಬ್ಬರು ಹೇಳಿದ್ದರು. ಮೂರು ವರ್ಷದ ಹೂಳು ಅದು. ತಳದಲ್ಲಿ ಕಪ್ಪಾಗಿತ್ತು, ಕೊಳೆತ ಮೊಟ್ಟೆ ವಾಸನೆ ಬಂತು. ಆ ವಾಸನೆ ಬಂದ ಮೇಲಾದರೂ ನಾನು ನಿಲ್ಲಿಸಬೇಕಿತ್ತು. ಸುಸ್ತಾಗಿತ್ತು, ಮೀನುಗಳು ಬಕೆಟ್ಟಿನಲ್ಲಿ ಕಾಯುತ್ತಿದ್ದವು, ಎರಡು ಬಕೆಟ್ ತೊಳೆಯದೇ ಹಾಕಿಬಿಟ್ಟೆ. ಬೆಳಿಗ್ಗೆ ನೀರು ಹಾಲಿನ ಹಾಗೆ, ಟೆಸ್ಟಿನಲ್ಲಿ ಅಮೋನಿಯಾ ಬಂತು. ಬೇರೆ ಡ್ರಮ್ಮಿನಲ್ಲಿ ಇಟ್ಟಿದ್ದ ಹೊಸ ಉಪ್ಪು ನೀರನ್ನು ಪೂರ್ತಿ ಹಾಕಿ ತೊಟ್ಟಿಯ ನೀರು ಬದಲಾಯಿಸಿದೆ, ಪೈಪ್ ಹಾಕಿ ಆ ಮರಳನ್ನು ಎಳೆದು ತೆಗೆದೆ. ಕ್ಲೌನ್ ಮೀನಿನ ಜೋಡಿ ತಡೆದುಕೊಂಡಿತು. ಗೋಬಿ ಮೀನು ಉಳಿಯಲಿಲ್ಲ.

ಗೋಬಿ ಬಗ್ಗೆ ಹಿಂದೆ ಹೇಳಿದ್ದೆ, ನೆನಪಿದೆಯಾ? ಅದು ಒಂದು ಸಿಗಡಿಯ ಜೊತೆ ಒಂದೇ ಬಿಲದಲ್ಲಿ ಇತ್ತು. ಸಿಗಡಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಇಡೀ ದಿನ ಬುಲ್ಡೋಜರ್ ಹಾಗೆ ಮರಳು ತಳ್ಳಿ ಬಿಲ ತೋಡುತ್ತದೆ, ಮೀನು ಬಾಗಿಲಲ್ಲಿ ಕಾವಲು ಕೂರುತ್ತದೆ. ಸಿಗಡಿ ಹೊರಗೆ ಬರುವಾಗ ಒಂದು ಮೀಸೆಯನ್ನು ಮೀನಿನ ಬಾಲಕ್ಕೆ ತಾಗಿಸಿಕೊಂಡೇ ಇರುತ್ತದೆ. ಬಾಲ ಅಲುಗಿತು ಅಂದರೆ ಇಬ್ಬರೂ ಒಳಗೆ. ಗೋಬಿ ಹೋದ ಮೇಲೆ ಆ ಸಿಗಡಿ ಹೊರಗೆ ಬರಲೇ ಇಲ್ಲ. ರಾತ್ರಿ ಮಾತ್ರ ಅದು ಇಕ್ಕಳದಂಥ ಮುಂಗಾಲನ್ನು ಚಿಟಿಕೆ ಹೊಡೆದ ಹಾಗೆ ಬಡಿಯುವ ಸದ್ದು. ಇದೆ ಅಂತ ಅಷ್ಟೇ ಗೊತ್ತಾಗುತ್ತಿತ್ತು. ನನಗೆ ಊಟ ಸೇರಲಿಲ್ಲ.

ಮೂರು ವಾರ ಕಾದೆ. ಅಮೋನಿಯಾ ಸೊನ್ನೆಗೆ ಬಂದು ಅಲ್ಲೇ ನಿಂತ ಮೇಲೆ ಮೊನ್ನೆ ಶುಕ್ರವಾರ ಅದೇ ಜಾತಿಯ ಇನ್ನೊಂದು ಗೋಬಿ ತಂದೆ.

ತಮ್ಮನಿಗೆ ಹೇಳಿ: ಹವಳದ ಒಂದು ತುಂಡು ತಂದುಕೊಡು ಅಂತ ಕೇಳಿದ್ದಾನೆ, ತರುವುದಿಲ್ಲ. ನಮ್ಮ ದೇಶದಲ್ಲಿ ಇಂಥ ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಹುಲಿಗೆ ಇರುವ ಹಾಗೆ. ಅಲ್ಲಿ ಯಾರಾದರೂ ಮಾರಿದರೂ ಕೊಳ್ಳಬಾರದು. ನನ್ನವೆಲ್ಲ ಗುಲಾಬಿ ಕಡ್ಡಿ ನೆಟ್ಟ ಹಾಗೆ ತುಂಡು ಮಾಡಿ ತೊಟ್ಟಿಯಲ್ಲೇ ಬೆಳೆಸಿದವು, ಕ್ಲೌನ್ ಮೀನೂ ತೊಟ್ಟಿಯಲ್ಲೇ ಹುಟ್ಟಿದ್ದು. ಸಮುದ್ರದ್ದು ಸಮುದ್ರದಲ್ಲಿರಲಿ. ಅವನಿಗೆ ನೋಡಲೇಬೇಕು ಅಂದರೆ ಇಲ್ಲಿಗೆ ಬರಲಿ, ಆರ್ನೆಮ್‌ನ ಬರ್ಗರ್ಸ್ ಜೂಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ 7,50,000 ಲೀಟರಿನಲ್ಲಿ ಹವಳ ಬೆಳೆಸಿದ್ದಾರೆ. ನನಗೆ ಈ ಹುಚ್ಚು ಹಿಡಿದದ್ದು ಅಲ್ಲೇ.

ಕೆರೆಗೆ ಈ ಸಲ ಎಷ್ಟು ನೀರು ಬಂತು ಅಂತ ಬರೆಸಿ. ಏರಿ ಮೇಲೆ ನಿಂತು ಒಂದು ಫೋಟೋ ತೆಗೆಸಿ ಕಳಿಸಿ, ನೀವೂ ಅದರಲ್ಲಿ ಇರಬೇಕು. ಅಮ್ಮ, ಮಂಡಿ ನೋವಿಗೆ ಮಾತ್ರೆ ತಪ್ಪಿಸಬೇಡ.

ಇಷ್ಟು ಬರೆದು ನೀರು ಕುಡಿಯಲು ಎದ್ದೆ. ತೊಟ್ಟಿಯ ಲೈಟ್ ನೀಲಿಗೆ ತಿರುಗಿದೆ. ಬಲಗಡೆ ಕಲ್ಲಿನ ಕೆಳಗೆ ಹೊಸ ಗೋಬಿ ಕೂತಿದೆ, ಅದರ ಹಿಂದೆ ಬಿಲದ ಬಾಯಲ್ಲಿ ಒಂದು ಕೆಂಪು ಮೀಸೆ, ಬಾಲಕ್ಕೆ ತಾಗಿದೆ. ಇವರನ್ನು ಎಬ್ಬಿಸಿದೆ. ಸೊಂಟ ಹಿಡಿದುಕೊಂಡೇ ಬಂದು ಪಕ್ಕದಲ್ಲಿ ಕೂತಿದ್ದಾರೆ.

ನಿಮ್ಮ ಮಗಳು