ಟ್ರಂಕಿನ ಚೀಟಿಗಳನ್ನು ಬಿಸಾಡಬೇಡ

ಚಿಂತಾಮಣಿ

ಮಗಳೇ,

"ಅವರ ಜೀವಕ್ಕೆ ಬೆಲೆ ಕಟ್ಟಿಸಿಕೊಂಡು ನಾನು ಊಟ ಮಾಡ್ಲಾ ದೊಡ್ಡಮ್ಮ?" ಅಂತ ನಿನ್ನೆ ಫೋನಿನಲ್ಲಿ ಕೇಳಿದೆ, ಲಾರಿ ಅಪಘಾತದಲ್ಲಿ ಹೋದ ಅಳಿಯಂದಿರ ಪರಿಹಾರಕ್ಕೆ ಕೋರ್ಟಿಗೆ ಅರ್ಜಿ ಹಾಕು ಅಂದಾಗ. ಆಗ ನನಗೆ ಮಾತು ಬರಲಿಲ್ಲ. ರಾತ್ರಿಯೆಲ್ಲ ಅದೇ ಯೋಚನೆ. ಅದಕ್ಕೇ ಬರೆಯುತ್ತಿದ್ದೇನೆ.

ಇದೇ ಮಾತನ್ನು 1999ರಲ್ಲಿ ನಾನೂ ಆಡಿದ್ದೆ. ಲಾರಿ ಗುದ್ದಿ ಹೋದ ನಿನ್ನ ದೊಡ್ಡಪ್ಪನ ತಿಥಿ ಮುಗಿದ ಮಾರನೇ ದಿನವೇ ಲಾರಿ ಕಡೆಯವರು ಮನೆಗೆ ಬಂದರು. ಊರ ಹಿರಿಯರು ಜಗುಲಿ ಮೇಲೆ ಕೂತು ರಾಜಿ ಮಾಡಿಸಿದರು. ನಲವತ್ತು ಸಾವಿರ ಕೊಟ್ಟು ಒಂದು ಕಾಗದಕ್ಕೆ ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡರು. ನನಗೆ ಓದು ಬರಹ ಬರುತ್ತಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ದುಡ್ಡು ಸಾಲಕ್ಕೆ ಹೋಯಿತು. ನನ್ನ ಮಗ, ನಿನ್ನ ಅಣ್ಣ, ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಟೊಮೇಟೊ ಮಂಡಿಯಲ್ಲಿ ಬಾಕ್ಸ್ ಹೊರೋಕೆ ನಿಂತ. ಆಮೇಲೆ ನಮ್ಮ ಬೀದಿಯ ಇಬ್ಬರು ಹೆಣ್ಣುಮಕ್ಕಳಿಗೆ ಇದೇ ಕಷ್ಟ ಬಂದಾಗ ಅವರ ಜೊತೆ ಕೋರ್ಟಿಗೆ ನಾನೇ ಓಡಾಡಿದೆ. ಈಗ ಬರೆಯುವುದೆಲ್ಲ ಅಲ್ಲಿ ಕಲಿತದ್ದು.

ಕೋರ್ಟಿನಲ್ಲಿ ಜೀವಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ ಕಣೆ. ಅಳಿಯಂದಿರು ಇದ್ದಿದ್ದರೆ ನಿನಗೆ, ಎರಡು ಮಕ್ಕಳಿಗೆ, ನಿಮ್ಮತ್ತೆಗೆ ಎಷ್ಟು ದುಡಿದು ಹಾಕುತ್ತಿದ್ದರು ಅಂತ ಲೆಕ್ಕ ಹಾಕುತ್ತಾರೆ. ಅವರಿಗೆ ಮೂವತ್ತನಾಲ್ಕು ವರ್ಷ. ತಿಂಗಳಿಗೆ ಹದಿನೈದು ಸಾವಿರ ದುಡಿಯುತ್ತಿದ್ದರು ಅಂತಲೇ ಇಟ್ಟುಕೋ. ಸ್ವಂತ ದುಡಿಮೆಯವರು, ನಲವತ್ತರ ಒಳಗಿನವರು ಆದರೆ ಮುಂದೆ ಜಾಸ್ತಿ ಆಗುತ್ತಿದ್ದ ಸಂಪಾದನೆ ಅಂತ ನೂರಕ್ಕೆ ನಲವತ್ತು ಸೇರಿಸಬೇಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಇಪ್ಪತ್ತೊಂದು ಸಾವಿರ ಆಯಿತು. ನಂಬಿಕೊಂಡವರು ನಾಲ್ಕು ಜನ, ಹಾಗಾಗಿ ಅವರ ಸ್ವಂತ ಖರ್ಚಿಗೆ ಕಾಲು ಭಾಗ ಕಳೆಯುತ್ತಾರೆ. ಉಳಿದ 15,750ನ್ನು ವರ್ಷದ ಲೆಕ್ಕ ಮಾಡಿ, ಆ ವಯಸ್ಸಿಗೆ ಇರುವ ಹದಿನಾರರಿಂದ ಗುಣಿಸುತ್ತಾರೆ. 30,24,000 ರೂಪಾಯಿ. ಜೊತೆಗೆ ಸಂಗಾತ ತಪ್ಪಿದ್ದಕ್ಕೆ, ಅಂತ್ಯಕ್ರಿಯೆಗೆ ಅಂತ ಸ್ವಲ್ಪ ಸೇರುತ್ತದೆ, ಮೇಲೆ ಬಡ್ಡಿ. ಮೊನ್ನೆ ನಿನ್ನ ಮೈದುನನ ಕೈಯಲ್ಲಿ ಲಾರಿ ಕಡೆಯವರು ರಾಜಿಗೆ ಅಂತ ಹೇಳಿ ಕಳಿಸಿದ್ದು ಮೂರು ಲಕ್ಷ, ಅಲ್ವಾ?

ಆದರೆ ಆ ಹದಿನೈದು ಸಾವಿರವನ್ನು ನಾವು ತೋರಿಸಬೇಕು. ಎಲ್ಲ ಕಷ್ಟ ಇರುವುದು ಇಲ್ಲೇ. ಸಂಬಳದವರಿಗೆ ಚೀಟಿ ಇರುತ್ತದೆ, ರೈತನಿಗೆ ಏನಿದೆ? ಇನ್ಶೂರೆನ್ಸ್ ಕಡೆ ವಕೀಲರು ಎದ್ದು ನಿಂತು, "ಜಮೀನು ಎಲ್ಲೂ ಹೋಗಿಲ್ಲವಲ್ಲ, ಬೆಳೆ ಈಗಲೂ ಬರುತ್ತದಲ್ಲ" ಅನ್ನುತ್ತಾರೆ. ಅದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಆವತ್ತು ನಮ್ಮ ಬೀದಿಯ ಆ ಹುಡುಗಿ ಉತ್ತರ ಗೊತ್ತಾಗದೆ ಅಳುತ್ತಾ ನಿಂತುಬಿಟ್ಟಳು.

ನೀನು ಹೇಳಬೇಕು. ತೋಟ ಇದೆ, ಸೊಪ್ಪು ಇದೆ, ಆದರೆ ರೇಷ್ಮೆ ಹುಳು ಸಾಕುವ ಕೈ ಹೋಯಿತು ಅಂತ ಹೇಳಬೇಕು. ಹುಳು ನಾಲ್ಕನೇ ಸಲ ಪೊರೆ ಬಿಟ್ಟು, ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರಿ ಹನ್ನೊಂದಕ್ಕೂ ಸೊಪ್ಪು ಹಾಕಿ, ಬೆಳಗಿನ ಜಾವ ಮತ್ತೆ ಎದ್ದು ಹೋಗುತ್ತಿದ್ದವರು ಯಾರು? ಹಣ್ಣಾದ ಹುಳು ಆಯ್ದು ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಡುವಾಗ ಆಳು ಸಿಗದೆ ಒಬ್ಬರೇ ನಿಂತವರು ಯಾರು? ಈಗ ಕೂಲಿಗೆ ಜನ ಇಟ್ಟರೆ ಒಂದು ಬೆಳೆಗೆ ಎಷ್ಟು ಬೀಳುತ್ತದೆ ಅಂತ ಲೆಕ್ಕ ಮಾಡಿ ಇಟ್ಟುಕೋ.

ಅವರ ಟ್ರಂಕನ್ನು ಯಾರಿಗೂ ಮುಟ್ಟಿಸಬೇಡ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಚೀಟಿಗಳು, ಡೇರಿ ಪಾಸ್‌ಬುಕ್, ಹುಳುವಿನ ಮೊಟ್ಟೆ ತಂದ ರಸೀದಿ, ಬ್ಯಾಂಕ್ ಪುಸ್ತಕ, ಪಹಣಿ, ಎಲ್ಲವೂ ಬೇಕು. ಮನೆ ಗುಡಿಸುವಾಗ ಹಳೇ ಕಾಗದ ಅಂತ ಒಲೆಗೆ ಹಾಕಿಬಿಟ್ಟೀರಿ. ಬ್ಯಾಂಕಿನಲ್ಲಿ ಇನ್ನೊಂದು ಕೇಳು. ವರ್ಷಕ್ಕೆ ಇಪ್ಪತ್ತು ರೂಪಾಯಿ ಹಿಡಿಯುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅವರ ಹೆಸರಲ್ಲಿ ಇದ್ದರೆ ಅದರ ಎರಡು ಲಕ್ಷ ಬೇರೆ.

ಪೊಲೀಸ್ ಠಾಣೆಯಿಂದ ಎಫ್‌ಐಆರ್, ಮಹಜರು, ಸ್ಥಳದ ನಕ್ಷೆ, ಪೋಸ್ಟ್‌ಮಾರ್ಟಂ ವರದಿ, ಚಾರ್ಜ್ ಶೀಟ್, ಲಾರಿಯ ಇನ್ಶೂರೆನ್ಸ್ ಪ್ರತಿ ತೆಗೆಸಬೇಕು. ಅಪಘಾತ ಆದದ್ದು ದೇವನಹಳ್ಳಿ ಹತ್ತಿರ ಅಂತ ಹೆದರಬೇಡ. ನೀನು ವಾಸ ಇರುವ ಕಡೆಯ ಕೋರ್ಟಿನಲ್ಲೇ ಅರ್ಜಿ ಹಾಕಬಹುದು.

ತಡ ಮಾತ್ರ ಮಾಡಬೇಡ. ನಮ್ಮ ಕಾಲದಲ್ಲಿ ಇದಕ್ಕೆ ಗಡುವು ಇರಲಿಲ್ಲ. 2022ರ ಏಪ್ರಿಲ್ 1ರಿಂದ ಕಾನೂನಿನಲ್ಲಿ ಆರು ತಿಂಗಳ ಗಡುವು ಬಂದಿದೆ. ಆಗಲೇ ಎರಡು ತಿಂಗಳು ಕಳೆಯಿತು. ಗಂಡ ಹೋದವಳು ವರ್ಷ ತುಂಬುವ ತನಕ ಹೊಸಿಲು ದಾಟಬಾರದು ಅನ್ನುವವರ ಮಾತು ಕೇಳಬೇಡ.

"ಲಾರಿಯವನೂ ಮಕ್ಕಳೊಂದಿಗ, ಅವನ ಶಾಪ ಬೇಡ" ಅಂದೆ. ನಿನ್ನ ಮನಸ್ಸು ನನಗೆ ಗೊತ್ತು. ಆದರೆ ಲಾರಿಗೆ ಇನ್ಶೂರೆನ್ಸ್ ಇದೆ, ದುಡ್ಡು ಕೊಡಬೇಕಾದ್ದು ಆ ಕಂಪನಿ. ಡ್ರೈವರ್ ಮೇಲಿನ ಪೊಲೀಸ್ ಕೇಸು ಬೇರೆ. ಅದರಲ್ಲಿ ಅವನು ಬಿಡುಗಡೆ ಆದರೂ ಅಷ್ಟಕ್ಕೇ ನಮ್ಮ ಅರ್ಜಿ ಬಿದ್ದುಹೋಗುವುದಿಲ್ಲ.

ವಕೀಲರಿಗೆ ದುಡ್ಡಿಲ್ಲ ಅಂತ ಕೂರಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಬಂದ ಹಣದಲ್ಲಿ ನೂರಕ್ಕೆ ಇಷ್ಟು ಕೊಡು ಅನ್ನುವ ವಕೀಲರ ಹತ್ತಿರ ಹೋಗಬೇಡ, ಹಾಗೆ ಕೇಳುವುದು ಅವರ ನಿಯಮಕ್ಕೇ ವಿರುದ್ಧ. ಲೋಕ್ ಅದಾಲತ್‌ನಲ್ಲಿ ಮುಗಿಸೋಣ ಅಂದರೆ ಲೆಕ್ಕ ನೋಡಿಯೇ ಒಪ್ಪಿಕೋ, ಅಲ್ಲಿ ಆದದ್ದಕ್ಕೆ ಮೇಲ್ಮನವಿ ಇಲ್ಲ. ಖಾಲಿ ಕಾಗದಕ್ಕೆ ಯಾರು ಕೇಳಿದರೂ ಸಹಿ ಹಾಕಬೇಡ. ನಿನ್ನ ಮೈದುನ ಕೇಳಿದರೂ ಅಷ್ಟೇ.

ನಿಮ್ಮತ್ತೆಯನ್ನು ಬಿಟ್ಟು ಅರ್ಜಿ ಹಾಕಬೇಡ. ನಿಮ್ಮಿಬ್ಬರಿಗೆ ಈಗ ಮಾತಿಲ್ಲ ಅಂತ ಗೊತ್ತು. ಆದರೂ ಆ ತಾಯಿ ಮಗನನ್ನು ಕಳೆದುಕೊಂಡಿದ್ದಾರೆ, ಅವರಿಗೂ ಪಾಲಿದೆ. ನೀನೇ ಹೋಗಿ ಕರಿ. ಮಕ್ಕಳ ಪಾಲನ್ನು ಕೋರ್ಟೇ ಬ್ಯಾಂಕಿನಲ್ಲಿ ಡಿಪಾಸಿಟ್ ಇಡಿಸುತ್ತದೆ, ಹದಿನೆಂಟು ತುಂಬುವ ತನಕ ಅದನ್ನು ಯಾರೂ ಸುಮ್ನೆ ತೆಗೆಯೋಕೆ ಆಗಲ್ಲ.

ಸೋಮವಾರ ಮೊದಲ ಬಸ್ಸಿಗೆ ಬರುತ್ತೇನೆ. ಹುಳುವಿಗೆ ಸೊಪ್ಪು ಹಾಕಿ ಮುಗಿಸಿರು. ಚೀಟಿಗಳನ್ನು ಇಬ್ಬರೂ ಕೂತು ತಾರೀಕಿನ ಪ್ರಕಾರ ಜೋಡಿಸೋಣ. ಮಧ್ಯಾಹ್ನ ಠಾಣೆಗೆ ಹೋಗೋಣ, ಒಳಗೆ ನಾನೂ ಬರುತ್ತೇನೆ.

ನಿನ್ನ ದೊಡ್ಡಮ್ಮ