ಫ್ಲಾರೆನ್ಸ್ ಮೇಯರ್ ಮೇಡಂ ಅವರೇ, ಹಳೆಯ ಪ್ರವಾಸಿ ಮನೆಗಳಿಗೂ ಕೈ ಹಾಕಿ

ಸಾರಾ ಫುನಾರೊ ಅವರಿಗೆ ನಮಸ್ಕಾರ.

ನನಗೆ ಇಟಾಲಿಯನ್ ಬರುತ್ತದೆ. ಆದರೆ ಸಿಟ್ಟು ಬಂದಾಗ ಬಾಯಿಗೆ ಬರುವುದು ಕನ್ನಡವೇ, ಹಾಗಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನನಗಿಲ್ಲಿ ವೋಟಿಲ್ಲ. ಕಸದ ತೆರಿಗೆ ಮಾತ್ರ ಒಂದು ವರ್ಷವೂ ತಪ್ಪಿಸಿಲ್ಲ.

ಹಳೇ ಊರಿನ ಸಾಂತಾ ಕ್ರೋಚೆ ಹತ್ತಿರ ಎರಡು ರೂಮಿನ ಬಾಡಿಗೆ ಮನೆಯಲ್ಲಿ ಎಂಟು ವರ್ಷ ಇದ್ದೆವು. ನಾಲ್ಕು ವರ್ಷ, ಮತ್ತೆ ನಾಲ್ಕು ವರ್ಷದ ಬಾಡಿಗೆ ಕರಾರು, ಅದರ ನಿಯಮ ನಿಮಗೆ ನಾನು ಹೇಳಬೇಕಾಗಿಲ್ಲ. ಮೇಲಿನ ಮಹಡಿ ಆಗಲೇ ಪ್ರವಾಸಿಗರ ಪಾಲಾಗಿತ್ತು. ಒಂದು ರಾತ್ರಿ ಒಂದೂವರೆಗೆ ನಮ್ಮ ಬೆಲ್ ಬಾರಿಸಿ, ಪ್ರವಾಸಿಗರಿಗಾಗಿ ಮನೆಯ ಕೀಲಿ ಇಟ್ಟು ಗೋಡೆಗೆ ಹಾಕಿದ್ದ ಡಬ್ಬಿಯ ನಂಬರ್ ಕೇಳಿದರು. ಲುಂಗಿಯಲ್ಲೇ ಇಳಿದು ಹೋಗಿ, ಮೊಬೈಲ್ ಟಾರ್ಚ್ ಹಿಡಿದು ಡಬ್ಬಿ ತೆಗೆಯಲು ಸಹಾಯ ಮಾಡಿದೆ. ಅವರು ಟಿಪ್ಸ್ ಅಂತ ಎರಡು ಯೂರೊ ಕೊಟ್ಟರು! ಮಗಳು ಎದ್ದವಳು ಮತ್ತೆ ಮಲಗಲಿಲ್ಲ. 2022ರಲ್ಲಿ ನಮ್ಮ ಮನೆಗೂ ಅದೇ ಗತಿಯಾಯಿತು. ಕರಾರು ಮುಗಿಯಿತು, ಮಾಲೀಕರು ಖಾಲಿ ಮಾಡಿಸಿದರು. ಈಗ ಪಕ್ಕದ ಊರು ಪ್ರಾತೊದಲ್ಲಿದ್ದೇವೆ. ರಾತ್ರಿ ಹೋಟೆಲ್ ಅಡುಗೆಮನೆ ತೊಳೆದು ರೈಲಿಗೆ ಓಡುತ್ತೇನೆ. ಮಗಳ ಶಾಲೆ ಬದಲಾಯಿತು. ಆಗ ನಗರಸಭೆಯಲ್ಲಿ ಶಿಕ್ಷಣ, ಸಮಾಜ ಕಲ್ಯಾಣ ಎರಡನ್ನೂ ನೋಡಿಕೊಳ್ಳುತ್ತಿದ್ದವರು ನೀವೇ ಅಲ್ವಾ?

2023ರಲ್ಲಿ ಹಳೇ ಊರಿನೊಳಗೆ ಹೊಸದಾಗಿ ಪ್ರವಾಸಿಗರಿಗೆ ಮನೆ ಕೊಡುವುದನ್ನು ನಿಷೇಧಿಸಿದರು. ಸಂತೋಷ. 2025ರಲ್ಲಿ ನೀವು ಗೋಡೆ ಮೇಲಿನ ಕೀಲಿ ಡಬ್ಬಿಗಳನ್ನು ತೆಗೆಸಿದಿರಿ. ಅದೂ ಸಂತೋಷ. ಡಬ್ಬಿ ಹೋಯಿತು, ಮನೆ ಎಲ್ಲಿ ವಾಪಸ್ ಬಂತು? ನಿಷೇಧಕ್ಕೆ ಮೊದಲೇ ಪ್ರವಾಸಿಗರ ಪಾಲಾದ ಹಳೆಯವಕ್ಕೂ ಕೈ ಹಾಕಿ ಮೇಡಂ.

ರೆಂಜಿ ಅವರು 2009ರಲ್ಲಿ ಈ ಕುರ್ಚಿಯಲ್ಲಿ ಕೂತರು, 2014ರಲ್ಲಿ ಎದ್ದು ರೋಮ್‌ಗೆ ಹೋಗಿ ಪ್ರಧಾನಿಯಾದರು. ನಾರ್ದೆಲ್ಲಾ ಅವರು ಹತ್ತು ವರ್ಷ ಕೂತು, ಯುರೋಪಿಯನ್ ಪಾರ್ಲಿಮೆಂಟಿಗೆ ಹೊರಟರು. ಈ ಊರಿನಿಂದ ಮೇಯರ್‌ಗಳಿಗೆ ರೈಲು ಚೆನ್ನಾಗಿ ಸಿಗುತ್ತದೆ. ನೀವೂ ಟಿಕೆಟ್ ನೋಡುತ್ತಿದ್ದೀರೋ ಏನೋ. ಅದಕ್ಕೆ ಮೊದಲು ಒಂದು ಕೆಲಸ ಮುಗಿಸಿ. ಹಳೆಯವಕ್ಕೂ ಕೈ ಹಾಕಿ.

ಆಗುವುದಿಲ್ಲ ಅನ್ನಬೇಡಿ. 1950ರ ದಶಕದಲ್ಲಿ ಇದೇ ಊರಿನ ಮೇಯರ್ ಲಾ ಪೀರಾ, ಬಾಡಿಗೆ ಮನೆಯಿಂದ ಹೊರಬಿದ್ದವರಿಗಾಗಿ 1865ರ ಕಾನೂನೊಂದನ್ನು ಹುಡುಕಿ ತೆಗೆದು ಖಾಲಿ ವಿಲ್ಲಾಗಳನ್ನೇ ವಶಕ್ಕೆ ತೆಗೆದುಕೊಂಡರು. 1966ರ ನವೆಂಬರ್ 4ರಂದು ಆರ್ನೊ ನದಿ ಊರೊಳಗೆ ನುಗ್ಗಿದಾಗ ಮೇಯರ್ ಆಗಿದ್ದವರು ನಿಮ್ಮ ತಾತ ಬರ್ಜೆಲ್ಲೀನಿ. ಅವರ ಮನೆ ಇದ್ದದ್ದೂ ಸಾಂತಾ ಕ್ರೋಚೆಯಲ್ಲೇ. ನೀರು ಎಲ್ಲಿವರೆಗೆ ಏರಿತ್ತು ಅಂತ ತೋರಿಸುವ ಕಲ್ಲಿನ ಫಲಕಗಳು ಈಗಲೂ ಗೋಡೆಗಳಲ್ಲಿವೆ, ನಮ್ಮ ತಲೆಗಿಂತ ಎಷ್ಟೋ ಮೇಲೆ. ಆ ನೀರು ಇಳಿದ ಮೇಲೆ ಜನ ಕೆಸರು ತೆಗೆದು ಮನೆಗೆ ವಾಪಸ್ ಬಂದರು. ನಾವು ಯಾವುದು ಇಳಿಯಲಿ ಅಂತ ಕಾಯಬೇಕು?

ಹೋದ ವಾರ ಹಳೇ ಬಾಗಿಲ ಮುಂದೆ ಹಾದುಹೋದೆ. ನಮ್ಮ ಬೆಲ್ ಮೇಲೆ ‘Suite 2’ ಅಂತ ಚಿನ್ನದ ಬಣ್ಣದ ಪಟ್ಟಿ ಅಂಟಿಸಿದ್ದಾರೆ. ಅದರ ಅಂಚಿನಡಿ ನನ್ನ ಹೆಸರಿನ ಚೀಟಿ ಇನ್ನೂ ಸ್ವಲ್ಪ ಕಾಣುತ್ತದೆ.

ಇತಿ,
ಆ ಚೀಟಿ ಬರೆದವನು