ಸಿಂಟಾಗ್ಮಾ ಚೌಕಕ್ಕೆ ಅವರು ಯಾಕೆ ಹೋದರು?

ಪ್ರೀತಿಯ ಗೆಳೆಯಾ,

ಜರ್ಮನಿಯ ಆಗಿನ ಚಾನ್ಸೆಲರ್ ಮರ್ಕೆಲ್ ಗ್ರೀಸಿನ ಅಥೆನ್ಸಿಗೆ ಬಂದಿದ್ದ 2012ರ ಅಕ್ಟೋಬರ್ 9ರ ಫೋಟೋಗಳನ್ನು ಕಳಿಸಿ, ‘ಕಷ್ಟಕ್ಕೆ ಸಾಲ ಕೊಟ್ಟವರು ಮನೆಗೆ ಬಂದರೆ ಹೀಗಾ ಬರಮಾಡಿಕೊಳ್ಳೋದು?’ ಅಂತ ಕೇಳಿದ್ದೀಯ. ತೆರೆದ ವಾಹನದಲ್ಲಿ ನಾಜಿ ಸಮವಸ್ತ್ರ ತೊಟ್ಟು ನಿಂತವರು, ಉರಿಯುತ್ತಿರುವ ಸ್ವಸ್ತಿಕದ ಬಾವುಟ. ಕಣ್ಣಿಗೆ ಮೊದಲು ಬೀಳುವುದು ಅದೇ, ಒಪ್ಪುತ್ತೇನೆ. ಆದರೆ ಅವತ್ತು ಸಂಸತ್ತಿನ ಮುಂದಿನ ಸಿಂಟಾಗ್ಮಾ ಚೌಕಕ್ಕೆ ಬಂದ ಸಾವಿರಾರು ಜನ ಬಂದದ್ದು ಬೇರೆಯೇ ಕಾರಣಕ್ಕೆ. ಅದು ಗೊತ್ತಾಗಬೇಕಾದರೆ ಮೊದಲು ಲೆಕ್ಕ ನೋಡಬೇಕು.

2010ರ ಮೇನಲ್ಲಿ ಗ್ರೀಸಿಗೆ ಸಿಕ್ಕ ಮೊದಲ ಸಾಲ 110 ಬಿಲಿಯನ್ ಯೂರೋ. 2012ರಲ್ಲಿ ಎರಡನೆಯದು, 130 ಬಿಲಿಯನ್. ಇದರಲ್ಲಿ ಬಹುಪಾಲು ಹೋದದ್ದು ಹಳೆಯ ಸಾಲ, ಬಡ್ಡಿ ತೀರಿಸುವುದಕ್ಕೆ ಮತ್ತು ಬ್ಯಾಂಕುಗಳನ್ನು ಎತ್ತಿ ನಿಲ್ಲಿಸುವುದಕ್ಕೆ. ಷರತ್ತುಗಳು ಮಾತ್ರ ನೇರ ಜನರ ಕಿಸೆಗೇ ಬಂದವು. 2012ರ ಫೆಬ್ರವರಿಯಲ್ಲಿ ಕನಿಷ್ಠ ವೇತನವನ್ನು ತಿಂಗಳಿಗೆ 751 ಯೂರೋದಿಂದ 586ಕ್ಕೆ ಇಳಿಸಿದರು. 25 ವರ್ಷದೊಳಗಿನವರಿಗೆ 511ಕ್ಕೆ. ಆ ವರ್ಷ ಕೆಲಸದಲ್ಲಿದ್ದ ಇಲ್ಲವೇ ಕೆಲಸ ಹುಡುಕುತ್ತಿದ್ದ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ, ಅವರಲ್ಲಿನ ಯುವಜನರನ್ನಷ್ಟೇ ನೋಡಿದರೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇರಲಿಲ್ಲ.

‘ಸಾಲ ಮಾಡಿದ ಮೇಲೆ ಹೊಟ್ಟೆ ಕಟ್ಟಲೇಬೇಕಲ್ಲ’ ಅನ್ನುತ್ತೀಯ. ಒಂದು ಮನೆಗೆ ಆ ಮಾತು ಸರಿ. ದೇಶಕ್ಕೆ ಹೇಗೆ ಕೈಕೊಡುತ್ತದೆ ಅಂತ ಒಂದು ಸಣ್ಣ ಲೆಕ್ಕ ಹಾಕೋಣ. ದೇಶದ ವರಮಾನ 200, ಸಾಲ 300 ಅಂತಿಟ್ಟುಕೋ. ಅಂದರೆ ಸಾಲ ವರಮಾನದ ಶೇಕಡ 150. ಸರ್ಕಾರ 10 ರೂಪಾಯಿ ಖರ್ಚು ಕಡಿತ ಮಾಡಿತು. ಕಡಿತದ ಪ್ರತಿ ರೂಪಾಯಿಗೆ ವರಮಾನ 50 ಪೈಸೆ ಕುಗ್ಗಿದರೆ ವರಮಾನ 195 ಆಗುತ್ತದೆ. ಕುಗ್ಗಿದ 5ರಲ್ಲಿ ಶೇಕಡ 40, ಅಂದರೆ 2, ತೆರಿಗೆ ಖೋತಾ. ನಿಜವಾದ ಉಳಿತಾಯ 8, ಸಾಲ 292. ಅನುಪಾತ ಶೇಕಡ 149.7, ಕೂದಲೆಳೆಯಷ್ಟಾದರೂ ಇಳಿಯಿತು. ಅದೇ, ಪ್ರತಿ ರೂಪಾಯಿಗೆ ಒಂದೂವರೆ ಕುಗ್ಗಿದರೆ? ವರಮಾನ 185, ತೆರಿಗೆ ಖೋತಾ 6, ಉಳಿತಾಯ ಬರೀ 4, ಸಾಲ 296. ಅನುಪಾತ ಶೇಕಡ 160! ಹೊಟ್ಟೆಗೆ ತಣ್ಣೀರುಬಟ್ಟೆ ಕಟ್ಟಿಕೊಂಡೂ ಸಾಲದ ಹೊರೆ ಹೆಚ್ಚಿತು. ಸ್ವಂತ ನಾಣ್ಯ ಇದ್ದಿದ್ದರೆ ಅದರ ಬೆಲೆ ಇಳಿಸಿ ರಫ್ತು, ಪ್ರವಾಸೋದ್ಯಮದಿಂದ ಒಂದಷ್ಟು ಚೇತರಿಸಿಕೊಳ್ಳಬಹುದಿತ್ತು. ಡ್ರಾಕ್ಮಾ ಬಿಟ್ಟು ಯೂರೋ ಹಿಡಿದಿದ್ದ ಗ್ರೀಸಿಗೆ ಆ ದಾರಿ ಇರಲಿಲ್ಲ. ಆಗ ಯೂರೋ ಬಳಸುತ್ತಿದ್ದ ದೇಶಗಳು ಹದಿನೇಳು: ನಾಣ್ಯ ಒಂದು, ಖಜಾನೆ ಹದಿನೇಳು. ಯೂರೋ ವಲಯದ ಒಳಗಿನ ಬಿರುಕು ಅದೇ.

ಮರ್ಕೆಲ್ ಅಥೆನ್ಸಿಗೆ ಬಂದ ಅದೇ ವಾರ ಟೋಕಿಯೋದಲ್ಲಿ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ತನ್ನ ವರದಿ ಬಿಡುಗಡೆ ಮಾಡಿತು. ಮುನ್ಸೂಚನೆಗಳಲ್ಲಿ ಈ ಗುಣಕವನ್ನು, ಅಂದರೆ ಕಡಿತದ ಪ್ರತಿ ರೂಪಾಯಿಗೆ ವರಮಾನ ಎಷ್ಟು ಕುಗ್ಗುತ್ತದೆ ಎಂಬ ಅಂಕಿಯನ್ನು, ಸುಮಾರು 0.5 ಅಂತ ಹಿಡಿದಿದ್ದೆವು, ಆದರೆ 2008ರ ಸುಮಾರಿನ ಮಹಾ ಆರ್ಥಿಕ ಹಿಂಜರಿತದ ನಂತರ ಅದು 0.9ರಿಂದ 1.7ರವರೆಗೆ ಇದ್ದಂತಿದೆ ಎಂದು ಅದರಲ್ಲಿತ್ತು. ಚೌಕದಲ್ಲಿ ಕೂಗುತ್ತಿದ್ದವರ ಕೈಯಲ್ಲಿ ಆ ಅಂಕಿ ಇರಲಿಲ್ಲ. ಆದರೆ ಅವರ ಸಂಬಳದ ಚೀಟಿ ಅದನ್ನೇ ಎರಡು ವರ್ಷದಿಂದ ಹೇಳುತ್ತಿತ್ತು.

ಹಾಗಾದರೆ ಸಿಟ್ಟು ಮರ್ಕೆಲ್ ಮೇಲೇ ಯಾಕೆ? ಅವರೇನು ಗ್ರೀಸಿನ ಪ್ರಧಾನಿಯಲ್ಲ. ಕಾಗದದ ಮೇಲೆ ಷರತ್ತು ಹಾಕಿದ್ದು ಟ್ರಾಯ್ಕಾ: ಯುರೋಪಿಯನ್ ಕಮಿಷನ್, ಯುರೋಪಿಯನ್ ಕೇಂದ್ರ ಬ್ಯಾಂಕ್ ಮತ್ತು ಐಎಂಎಫ್. ಆದರೆ ದುಡ್ಡಿನ ಬೀಗದ ಕೈ ಎಲ್ಲಿತ್ತು ನೋಡು. ಆಗ ಗ್ರೀಸಿಗೆ ಸಾಲ ಕೊಡುತ್ತಿದ್ದ ನಿಧಿಗೆ ಅತಿ ದೊಡ್ಡ ಖಾತರಿದಾರ ಜರ್ಮನಿ. ಭೇಟಿಯ ಹಿಂದಿನ ದಿನವಷ್ಟೇ, ಅಕ್ಟೋಬರ್ 8ರಂದು, ಲಕ್ಸೆಂಬರ್ಗಿನಲ್ಲಿ ಶುರುವಾದ ಕಾಯಂ ನಿಧಿಯಲ್ಲೂ ಅದರ ಪಾಲು ಶೇಕಡ 27. ತುರ್ತು ಮತದಾನಕ್ಕೂ ಶೇಕಡ 85ರ ಬೆಂಬಲ ಬೇಕೆಂಬ ನಿಯಮ. ಅಂದರೆ ಜರ್ಮನಿ ಬೇಡ ಅಂದರೆ ಮುಗಿಯಿತು. ಅಥೆನ್ಸ್ ಕಾದು ಕೂತಿದ್ದ 31.5 ಬಿಲಿಯನ್ ಯೂರೋದ ಕಂತಿಗೆ ಬರ್ಲಿನ್ನಿನ ಸಂಸತ್ತು ಒಪ್ಪಬೇಕಿತ್ತು. ಆ ಸಂಸತ್ತಿಗೆ ಗ್ರೀಕ್ ಪ್ರಜೆ ಮತ ಹಾಕುವಂತಿಲ್ಲ. ತಾನು ಮತ ಹಾಕಿದ ಸಂಸತ್ತಿಗೆ ನಿರ್ಧಾರ ಬದಲಿಸುವ ಶಕ್ತಿಯಿಲ್ಲ. ಹೀಗಿರುವಾಗ ನಿರ್ಧಾರ ಮಾಡುವವರು ಊರಿಗೆ ಬಂದ ಒಂದೇ ಒಂದು ಮಧ್ಯಾಹ್ನವನ್ನು ಅವರು ಬಿಟ್ಟುಕೊಡುತ್ತಾರಾ? ನನ್ನ ಮಟ್ಟಿಗೆ ಅವರು ಸರಿಯಾದ ಬಾಗಿಲನ್ನೇ ತಟ್ಟಿದರು.

ಆದರೂ ಆ ಜನರ ಕಣ್ಣಿಗೆ ಮರ್ಕೆಲ್ ಬೀಳಲಿಲ್ಲ. ಒಮೋನಿಯಾ ಎಂಬ ಇನ್ನೊಂದು ಚೌಕದಿಂದ ಸಿಂಟಾಗ್ಮಾಕ್ಕೆ ಸುಮಾರು ಒಂದು ಕಿಲೋಮೀಟರ್. ಸ್ಟಾಡಿಯೂ, ಪನೆಪಿಸ್ಟಿಮಿಯೂ ಎಂಬ ಎರಡು ಸಮಾನಾಂತರ ರಸ್ತೆಗಳು. ಮೆರವಣಿಗೆಗಳ ಮಾಮೂಲು ದಾರಿ ಇವು. ಚೌಕದ ಮೇಲ್ಗಡೆ ಸಂಸತ್ತು, ಅದರ ಹಿಂದೆ ರಾಷ್ಟ್ರೀಯ ಉದ್ಯಾನ, ಉದ್ಯಾನದ ಆಚೆ ಬದಿಗೆ ಪ್ರಧಾನಿಯ ಕಚೇರಿ. ಸುಮಾರು 7,000 ಪೊಲೀಸರನ್ನು ನಿಲ್ಲಿಸಿ, ಮರ್ಕೆಲ್ ಅವರ ವಾಹನಗಳ ದಾರಿಯಲ್ಲೂ ಆ ಕಚೇರಿಯ ಸುತ್ತಲೂ ಗುಂಪು ಸೇರುವುದನ್ನು ನಿಷೇಧಿಸಿದ್ದರು. ಘೋಷಣೆಗಳೆಲ್ಲ ಮರಗಳ ಈಚೆಗೇ ಉಳಿದವು.

ಇಂಥ ದಿನ ಎಲ್ಲಿ ಕೆಡುತ್ತದೆ ಅನ್ನುವುದೂ ಅಥೆನ್ಸಿನವರಿಗೆ ಚೆನ್ನಾಗಿ ಗೊತ್ತು. ಚೌಕದ ಮೆಟ್ರೊ ನಿಲ್ದಾಣ ಮುಚ್ಚಿದರೆ ಜನಕ್ಕೆ ಹೊರಹೋಗಲು ಉಳಿಯುವುದು ರಸ್ತೆಗಳಷ್ಟೇ. ಅಶ್ರುವಾಯು ಬಿದ್ದ ಕೂಡಲೇ ಎಲ್ಲರೂ ಅಲ್ಲಿಗೇ ನುಗ್ಗುತ್ತಾರೆ, ಹಿಂದಿನಿಂದ ಬರುತ್ತಿರುವ ಮೆರವಣಿಗೆಗೆ ಢಿಕ್ಕಿಯಾಗುತ್ತಾರೆ. ಮುಖಕ್ಕೆ ಹಚ್ಚಲು ಎದೆಯುರಿಯ ಬಿಳಿ ಔಷಧಿ ಮಾಲೋಕ್ಸನ್ನು ನೀರಿನಲ್ಲಿ ಕದಡಿ ಸಿಂಪಡಿಸುವ ಬಾಟಲಿಯಲ್ಲಿ ತರುತ್ತಾರೆ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಬಂದವರ ಪಾಡು ಕಷ್ಟ. ಅನಿಲ ಅದರಡಿಯೇ ಸಿಕ್ಕಿಬೀಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಬೆಂಕಿ. 2010ರ ಮೇ 5ರಂದು ಸ್ಟಾಡಿಯೂ ರಸ್ತೆಯ ಮಾರ್ಫಿನ್ ಬ್ಯಾಂಕ್ ಶಾಖೆಗೆ ಪೆಟ್ರೋಲ್ ಬಾಂಬ್ ಎಸೆದಾಗ ಒಳಗಿದ್ದ ಮೂವರು ನೌಕರರು ಸತ್ತರು. ಅವರಲ್ಲಿ ಒಬ್ಬಾಕೆ ಗರ್ಭಿಣಿ. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಇನ್ನು ಆ ನಾಜಿ ವೇಷ. ಅದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಗ್ರೀಸಿನ ನೋವು ಸುಳ್ಳಲ್ಲ: ನಾಜಿ ಜರ್ಮನಿ ಗ್ರೀಸನ್ನು ಆಕ್ರಮಿಸಿದ್ದಾಗ, 1941-42ರ ಚಳಿಗಾಲದ ಕ್ಷಾಮದಲ್ಲಿ ಅಥೆನ್ಸಿನ ಬೀದಿಗಳಲ್ಲಿ ಜನ ಹಸಿದು ಸತ್ತರು, ಆಕ್ರಮಣಕಾರರು ಗ್ರೀಕ್ ಕೇಂದ್ರ ಬ್ಯಾಂಕಿನಿಂದ ಬಲವಂತವಾಗಿ ತೆಗೆದುಕೊಂಡ ಸಾಲದಲ್ಲಿ 476 ಮಿಲಿಯನ್ ರೈಖ್ಸ್‌ಮಾರ್ಕ್ ತೀರಿಲ್ಲ ಎಂಬುದು ಗ್ರೀಸಿನ ವಾದ. 1941ರಲ್ಲಿ ಅಕ್ರೊಪೊಲಿಸ್ ಹತ್ತಿ ಸ್ವಸ್ತಿಕದ ಬಾವುಟ ಕಿತ್ತಿಳಿಸಿದ ಇಬ್ಬರಲ್ಲಿ ಒಬ್ಬರಾದ ಮನೊಲಿಸ್ ಗ್ಲೆಜೋಸ್, 2012ರಲ್ಲಿ ತೊಂಬತ್ತರ ಹರೆಯದಲ್ಲಿ ಎಡಪಂಥೀಯ ಸಿರಿಜಾ ಪಕ್ಷದ ಸಂಸದರಾಗಿದ್ದರು. ಆದರೆ ಚುನಾಯಿತ ನಾಯಕಿಯೊಬ್ಬರನ್ನು ಹಿಟ್ಲರನಿಗೆ ಹೋಲಿಸಿದ ತಕ್ಷಣ ಕ್ಯಾಮೆರಾ ಅತ್ತಲೇ ತಿರುಗುತ್ತದೆ. 586 ಯೂರೋದ ಕಥೆ ಕೇಳಬೇಕಿದ್ದ ಜರ್ಮನ್ ಓದುಗನಿಗೆ ಕಂಡದ್ದು ವೇಷ ಮಾತ್ರ. ನಿನಗೂ ಹಾಗೇ ಆಯಿತಲ್ಲ.

ಗ್ರೀಸ್ ಯೂರೋದಲ್ಲೇ ಉಳಿಯಲಿ ಎಂಬ ಮಾತನ್ನು ಮರ್ಕೆಲ್ ಹೇಳಿ ಹೋದರು. ಹೊಸ ಹಣವಾಗಲಿ, ಸಡಿಲಿಕೆಯಾಗಲಿ ತರಲಿಲ್ಲ. ನವೆಂಬರ್ 7ರಂದು ಗ್ರೀಕ್ ಸಂಸತ್ತು ಮತ್ತೊಂದು ಸುತ್ತಿನ ಕಡಿತಕ್ಕೆ 300ರಲ್ಲಿ 153 ಮತಗಳಿಂದ ಒಪ್ಪಿತು. ಆ ತಿಂಗಳ 30ಕ್ಕೆ ಬರ್ಲಿನ್ನಿನ ಸಂಸತ್ತು ಹಸಿರು ನಿಶಾನೆ ತೋರಿತು. ಡಿಸೆಂಬರಿನಲ್ಲಿ ಕಂತು ಬಂತು.

ಐಎಂಎಫ್ ವರದಿಯ ಆ ಭಾಗ ಬರೀ ಮೂರು ಪುಟ. ಓದಿ ನೋಡಿ, ಆಮೇಲೆ ಬರಿ.

ನಿನ್ನವನು